ಹಿಮವನ್ನು ಹೊತ್ತು ಸಾಗಿಸುವ ಊರು

ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಡೊಂಬಿವಲಿಯಿಂದ ಹೊರಟು ಕೆನಡಾದ ಮಾಂಟ್ರಿಯಲ್‌ನಲ್ಲಿ ಇಳಿದದ್ದು ಡಿಸೆಂಬರ್ ಕೊನೆಯ ವಾರ. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಹೆಚ್ಚು ಒಣಶುಂಠಿ, ಓಮ, ಮೆಂತ್ಯ, ಉಂಡೆಗೆ ಬೇಕಾದ ಅಂಟು. ಹಿಮ ನೋಡುವ ಆಸೆ ನನಗೇನೂ ಇರಲಿಲ್ಲ. ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಮುಂಬಯಿ ಸೇರಿ, ಮಳೆಯೊಂದನ್ನೇ ಎರಡೂ ಕಡೆ ಸಾಕುಸಾಕೆನಿಸುವಷ್ಟು ನೋಡಿದವಳು ನಾನು.

ಹೋದ ಮೂರನೆಯ ರಾತ್ರಿ, ಒಂಬತ್ತೂವರೆ ಇರಬೇಕು, ಬೀದಿಯಲ್ಲಿ ಸೈರನ್ ಕೂಗತೊಡಗಿತು. ಪೊಲೀಸರದ್ದಲ್ಲ, ಆಂಬುಲೆನ್ಸಿನದ್ದೂ ಅಲ್ಲ. ಏರುತ್ತ ಇಳಿಯುತ್ತ, ಹಟ ಹಿಡಿದ ಮಗುವಿನ ಹಾಗೆ ಒಂದೇ ಸಮನೆ. ಆಗಷ್ಟೇ ನಿದ್ದೆ ಹತ್ತಿದ್ದ ನಮ್ಮವರು ಧಡಕ್ಕನೆ ಎದ್ದು ಕೂತು ಕೇಳಿದ್ದು ಒಂದೇ ಮಾತು: "ಎಲ್ಲಿ ನೀರು ನುಗ್ಗಿತು?"

ಇವರು ಮುಂಬಯಿ ಪಾಲಿಕೆಯ ಮಳೆನೀರು ಚರಂಡಿ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ರಾತ್ರಿ ಸದ್ದಾದರೆ ಇವರಿಗೆ ನೆನಪಾಗುವುದು ನೀರು ಮಾತ್ರ. ಪಕ್ಕದ ಕೋಣೆಯಿಂದ ಮಗಳು ನಗುವುದು ಕೇಳಿಸಿತು. "ಅಪ್ಪ, ನೀರಲ್ಲ, ಹಿಮ! ನಿಮ್ಮ ಅಳಿಯ ಕಾರು ತೆಗೆಯುವುದನ್ನು ಮರೆತಿದ್ದಾರೆ." ಅಷ್ಟರಲ್ಲಿ ಅಳಿಯಂದಿರು ಪೈಜಾಮದ ಮೇಲೇ ದಪ್ಪ ಕೋಟು ಏರಿಸಿ, ಬೂಟಿನೊಳಗೆ ಕಾಲು ತುರುಕಿ ಮೆಟ್ಟಿಲಿಳಿದು ಓಡಿಯಾಗಿತ್ತು. ಇಪ್ಪತ್ತು ನಿಮಿಷ ಬಿಟ್ಟು ಬಂದಾಗ ಹುಬ್ಬಿನ ಮೇಲೆಲ್ಲ ಬೆಳ್ಳಗೆ ಕೂತಿತ್ತು. ಮೂರು ಬೀದಿ ಆಚೆ ಜಾಗ ಸಿಕ್ಕಿತಂತೆ.

ಹೀಗೆ ನಮಗೆ ಆ ಊರಿನ ಚಳಿಗಾಲದ ಪರಿಚಯವಾಯಿತು.

ಮಾಂಟ್ರಿಯಲ್ ಸೇಂಟ್ ಲಾರೆನ್ಸ್ ನದಿಯ ನಡುವಿನ ಒಂದು ದ್ವೀಪ. ಮುಂಬಯಿಯವರಿಗೆ ಅಷ್ಟು ಹೇಳಿದರೆ ಅರ್ಧ ಅರ್ಥವಾದಂತೆ: ಜಾಗ ಕಡಿಮೆ, ಜನ ಹೆಚ್ಚು, ಬೀದಿಯ ಎರಡೂ ಬದಿ ಕಾರು. ಹಳೆಯ ಬಡಾವಣೆಗಳಲ್ಲಿ ಎರಡು, ಮೂರು ಅಂತಸ್ತಿನ ಇಟ್ಟಿಗೆ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಮೇಲಿನ ಮನೆಗೆ ಹೋಗುವ ಕಬ್ಬಿಣದ ಮೆಟ್ಟಿಲು ಹೊರಗಡೆಯೇ, ಅದೂ ಸುರುಳಿ ಸುತ್ತಿಕೊಂಡು. ಇಂಥ ಊರಿನ ಮೇಲೆ ಒಂದು ಚಳಿಗಾಲಕ್ಕೆ ಸುಮಾರು ಎರಡು ಮೀಟರ್ ಹಿಮ ಬೀಳುತ್ತದೆ. ಮಳೆಯಾದರೆ ಹರಿದು ಎಲ್ಲಿಗೋ ಹೋಗುತ್ತದೆ. ಹಿಮ ಎಲ್ಲಿಗೂ ಹೋಗುವುದಿಲ್ಲ. ಡಿಸೆಂಬರಿನಲ್ಲಿ ಬಿದ್ದದ್ದು ಮಾರ್ಚಿನವರೆಗೂ ಬಿದ್ದಲ್ಲೇ ಇರುತ್ತದೆ, ಅದರ ಮೇಲೆ ಇನ್ನೊಂದು, ಮತ್ತೊಂದು. ಬದಿಗೆ ತಳ್ಳುತ್ತ ಹೋದರೆ ಜನವರಿ ಮುಗಿಯುವುದರೊಳಗೆ ಬೀದಿಯೇ ಮುಚ್ಚಿಹೋದೀತು. ಹಾಗಾಗಿ ಈ ಊರು ಹಿಮವನ್ನು ತಳ್ಳಿ ಸುಮ್ಮನಾಗುವುದಿಲ್ಲ, ಲಾರಿಗೆ ತುಂಬಿ ಹೊತ್ತು ಸಾಗಿಸುತ್ತದೆ.

ಮರುದಿನದಿಂದ ನಮ್ಮವರಿಗೆ ಕಿಟಕಿಯೇ ಆಫೀಸು. ಬೆಳಗಿನ ಕಾಫಿ ಹಿಡಿದು ಕೂತರೆಂದರೆ ಏಳುವುದು ತಿಂಡಿಗೆ. ನೋಡಿದ್ದನ್ನೆಲ್ಲ ಅಳಿಯನ ಹತ್ತಿರ ಕೇಳಿ, ನಗರಪಾಲಿಕೆಯ ವೆಬ್‌ಸೈಟಿನಲ್ಲಿ ಓದಿ, ಹಳೆಯ ಡೈರಿಯೊಂದರಲ್ಲಿ ಬರೆದುಕೊಂಡರು. ಆ ಡೈರಿಯಿಂದಲೇ ನಾನೀಗ ಹೇಳುತ್ತಿರುವುದು.

ಕೆಲಸ ನಾಲ್ಕು ಹಂತ. ಮೊದಲನೆಯದು ಉಪ್ಪು. ಹಿಮ ಶುರುವಾಗುತ್ತಿದ್ದಂತೆ ಉಪ್ಪಿನ ಲಾರಿಗಳು ಹೊರಡುತ್ತವೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಹಿಮ ರಸ್ತೆಗೆ ಅಂಟಿಕೊಳ್ಳುವುದು ತಪ್ಪುತ್ತದೆ. ಆದರೆ ಚಳಿ ಮೈನಸ್ ಹದಿನೈದಕ್ಕಿಂತ ಕೆಳಗಿಳಿದರೆ ಉಪ್ಪಿನ ಆಟ ಹೆಚ್ಚು ನಡೆಯುವುದಿಲ್ಲ. ಆಗ ಕಲ್ಲಿನ ಪುಡಿ, ಸಣ್ಣ ಜಲ್ಲಿ ಎರಚುತ್ತಾರೆ. ಅದು ಕರಗಿಸುವುದಿಲ್ಲ, ಕಾಲಿಗೂ ಚಕ್ರಕ್ಕೂ ಹಿಡಿತ ಕೊಡುತ್ತದೆ ಅಷ್ಟೆ.

ಎರಡನೆಯದು ತಳ್ಳುವುದು. ಎರಡೂವರೆ ಸೆಂಟಿಮೀಟರ್ ಹಿಮ ಕೂತಿತೆಂದರೆ ಮುಂದೆ ಅಗಲವಾದ ಉಕ್ಕಿನ ಹಲಗೆ ಕಟ್ಟಿಕೊಂಡ ಗಾಡಿಗಳು ಬರುತ್ತವೆ. ಮೊದಲು ದೊಡ್ಡ ರಸ್ತೆಗಳು, ಬಸ್ಸು ಓಡುವ ರಸ್ತೆಗಳು, ಆಸ್ಪತ್ರೆಯ ಸುತ್ತಿನವು. ಆಮೇಲೆ ಅವನ್ನು ಕೂಡುವ ರಸ್ತೆಗಳು. ಕೊನೆಗೆ ನಮ್ಮಂಥವರ ಮನೆಯ ಗಲ್ಲಿ.

ಮೂರನೆಯದೇ ಸೈರನ್ನಿನ ಕೆಲಸ. ಹತ್ತರಿಂದ ಹದಿನೈದು ಸೆಂಟಿಮೀಟರ್ ಬಿದ್ದರೆ ಹಿಮ ಎತ್ತುವ ಆದೇಶ ಹೊರಡುತ್ತದೆ. ಬೀದಿಯ ಒಂದು ಬದಿಗೆ ಕಿತ್ತಳೆ ಬಣ್ಣದ ಬೋರ್ಡು ನೆಡುತ್ತಾರೆ: ಬೆಳಿಗ್ಗೆ ಏಳರಿಂದ ಸಂಜೆ ಏಳು, ಇಲ್ಲವೇ ಸಂಜೆ ಏಳರಿಂದ ಬೆಳಿಗ್ಗೆ ಏಳು, ಇಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಸಮಯಕ್ಕೆ ಸರಿಯಾಗಿ ಟೋಯಿಂಗ್ ಗಾಡಿ ಕೊನೆಯ ಎಚ್ಚರಿಕೆಯಾಗಿ ಸೈರನ್ ಹಾಕುತ್ತ ಬೀದಿಯುದ್ದ ಹೋಗುತ್ತದೆ. ಆಗಲೂ ಎದ್ದು ಬರದವರ ಕಾರನ್ನು ಎತ್ತಿ, ಹತ್ತಿರದ ಇನ್ನೊಂದು ಬೀದಿಯಲ್ಲಿ ಇಟ್ಟು ದಂಡದ ಚೀಟಿ ಸಿಕ್ಕಿಸುತ್ತದೆ. ಬೆಳಿಗ್ಗೆ ಎದ್ದವರು ಆ್ಯಪಿನಲ್ಲಿ ತಮ್ಮ ಕಾರು ಯಾವ ಬೀದಿಗೆ ಹೋಗಿದೆಯೆಂದು ಹುಡುಕಬೇಕು.

ಬೀದಿ ಖಾಲಿಯಾದ ಮೇಲೆ ಬರುವ ಮೆರವಣಿಗೆಯನ್ನು ನೀವು ನೋಡಬೇಕು. ಮುಂದೆ ಫುಟ್‌ಪಾತಿನ ಮೇಲೆ ಓಡುವ ಪುಟ್ಟ ಗಾಡಿ, ಅಲ್ಲಿನ ಹಿಮವನ್ನೆಲ್ಲ ರಸ್ತೆಗೆ ನೂಕುತ್ತದೆ. ಹಿಂದೆ ದೊಡ್ಡ ಗ್ರೇಡರುಗಳು ಅದನ್ನು ಉದ್ದಕ್ಕೆ ಒಂದು ಬದುವಿನ ಹಾಗೆ ಒಟ್ಟುತ್ತವೆ. ಅದರ ಹಿಂದೆ ಹಿಮ ಊದುವ ಯಂತ್ರ. ಬಾಯಲ್ಲಿ ತಿರುಗುವ ಉಕ್ಕಿನ ಸುರುಳಿ, ತಲೆಯ ಮೇಲೆ ಆನೆಯ ಸೊಂಡಿಲಿನಂಥ ಕೊಳವೆ. ಆ ಬದುವನ್ನು ತಿನ್ನುತ್ತ, ಪಕ್ಕದಲ್ಲಿ ಅದೇ ವೇಗದಲ್ಲಿ ಸಾಗುವ ಲಾರಿಯೊಳಕ್ಕೆ ಸೊಂಡಿಲಿನಿಂದ ಉಗುಳುತ್ತದೆ. ಒಂದು ಲಾರಿ ತುಂಬಿತು, ಅದು ಮುಂದಕ್ಕೆ; ಹಿಂದಿನದು ಅದರ ಜಾಗಕ್ಕೆ. ಯಂತ್ರ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಹತ್ತು ನಿಮಿಷದಲ್ಲಿ ಬೀದಿ ಕಪ್ಪಗೆ ಕಾಣಿಸಿಕೊಳ್ಳುತ್ತದೆ. ಎದುರು ಮನೆಯ ಮಕ್ಕಳು ಕಿಟಕಿಗೆ ಮೂಗು ಒತ್ತಿ ನೋಡುತ್ತಿದ್ದವು. ನಮ್ಮ ಕಿಟಕಿಯಲ್ಲಿ ಅರವತ್ತೈದು ದಾಟಿದ ಇನ್ನೊಂದು ಮಗು.

ಈ ಯಂತ್ರವೂ ಅಲ್ಲಿಯದೇ ಕೂಸು. ಕ್ವಿಬೆಕ್ ಪ್ರಾಂತ್ಯದ ಆರ್ಥರ್ ಸಿಕಾರ್ಡ್ ಎಂಬಾತ 1925ರಲ್ಲಿ ಮಾಡಿದ್ದು. 1927ರಲ್ಲಿ ಮೊದಲ ಯಂತ್ರವನ್ನು ಕೊಂಡದ್ದು ಊಟ್ರೆಮಾಂಟ್. ಆಗ ಅದು ಬೇರೆ ಊರು, ಈಗ ಮಾಂಟ್ರಿಯಲ್‌ನದೇ ಒಂದು ಭಾಗ.

ಇವರ ಡೈರಿಯ ಲೆಕ್ಕ ಹೀಗಿದೆ: ರಸ್ತೆ, ಫುಟ್‌ಪಾತು ಸೇರಿ ತೆಗೆಯಬೇಕಾದ ಉದ್ದ ಸುಮಾರು 10,000 ಕಿಲೋಮೀಟರ್. ಒಂದು ಚಳಿಗಾಲಕ್ಕೆ ಸಾಗಿಸುವ ಹಿಮ ಸುಮಾರು 1 ಕೋಟಿ 20 ಲಕ್ಷ ಘನ ಮೀಟರ್. ಲಾರಿಯ ಲೆಕ್ಕದಲ್ಲಿ 3 ಲಕ್ಷ ಸಲ. ಖರ್ಚು ವರ್ಷಕ್ಕೆ 20 ಕೋಟಿ ಡಾಲರಿನ ಆಸುಪಾಸು. ಅದರ ಕೆಳಗೆ ಇವರು ಭಾಗಿಸಿ ಬರೆದಿದ್ದಾರೆ: "ಒಂದು ಲಾರಿಗೆ 40 ಘ.ಮೀ. ದೊಡ್ಡ ಲಾರಿ." ಅದರ ಕೆಳಗೆ ಇನ್ನೊಂದು ಸಾಲು: "ಇಷ್ಟೂ ಮಾಡಿ ಕೊನೆಗೆ ಸಿಗುವುದು ಏನು? ನೀರು."

ನಾಲ್ಕನೆಯ ಹಂತ ಆ ನೀರಿನದ್ದೇ. ಲಾರಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ಇವರಿಗೆ ನಿದ್ದೆಗೆಡಿಸಿದ ಪ್ರಶ್ನೆ. ಹಿಂದೆಲ್ಲ ಸೀದಾ ನದಿಗೆ ಸುರಿಯುತ್ತಿದ್ದರಂತೆ. ಆದರೆ ಬೀದಿಯ ಹಿಮದಲ್ಲಿ ಉಪ್ಪು, ಎಣ್ಣೆ, ಕಸ ಎಲ್ಲ ಇರುತ್ತದೆ, ಹಾಗಾಗಿ ಅದು ನಿಂತಿದೆ. ಈಗ ಎರಡು ದಾರಿ. ಒಂದು, ನೆಲದಡಿಯ ದೊಡ್ಡ ಒಳಚರಂಡಿಗಳಿಗೆ ಬಾಯಿ ಕೊರೆದು ಅದರೊಳಗೆ ಸುರಿಯುವುದು. ಊರಿನವರು ಸ್ನಾನಕ್ಕೆ, ಪಾತ್ರೆಗೆ ಬಳಸಿ ಬಿಟ್ಟ ನೀರಿನ ಬಿಸುಪಿನಲ್ಲೇ ಹಿಮ ಕರಗಿ, ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಇದನ್ನು ಕೇಳಿ ಇವರು ತೊಡೆ ತಟ್ಟಿಕೊಂಡರು. "ನೋಡು, ಗಟಾರದ ನೀರಿಗೂ ಕೆಲಸ ಕೊಟ್ಟಿದ್ದಾರೆ!" ಎರಡನೆಯದು, ಬಯಲಲ್ಲೋ ಹಳೆಯ ಕ್ವಾರಿಯಲ್ಲೋ ರಾಶಿ ಹಾಕಿ ಬಿಸಿಲಿಗೆ ಬಿಡುವುದು.

ಇಂಥ ಕ್ವಾರಿಗಳಲ್ಲಿ ದೊಡ್ಡದು ಸೇಂಟ್ ಮಿಶೆಲ್ ಬಡಾವಣೆಯ ಫ್ರಾಂಕೋನ್. ಹಿಂದೆ ಸುಣ್ಣದಕಲ್ಲು ತೆಗೆಯುತ್ತಿದ್ದ ಗುಂಡಿ. ಇವರ ಕಾಟ ತಾಳಲಾರದೆ ಅಳಿಯಂದಿರು ಒಂದು ಭಾನುವಾರ ಕರೆದುಕೊಂಡು ಹೋದರು. ಒಳಗೆ ಬಿಡುವುದಿಲ್ಲ, ಬೇಲಿಯ ಆಚೆಯಿಂದ ನೋಡಬೇಕು. ನಾನು ಬೆಳ್ಳನೆಯ ಬೆಟ್ಟ ಇರುತ್ತದೆಂದು ಎಣಿಸಿದ್ದೆ. ಇದ್ದದ್ದು ಬೂದು ಬಣ್ಣದ, ಕಪ್ಪು ಗೆರೆ ಗೆರೆಯ ಗುಡ್ಡ. ಅದರ ಮೇಲೆ ಬೊಂಬೆಗಳಂತೆ ಕಾಣುವ ಯಂತ್ರಗಳು. ಇಡೀ ಊರಿನ ಬೀದಿಗಳನ್ನು ಚೀಲಕ್ಕೆ ತುಂಬಿ ತಂದು ಕೊಡವಿದ ಹಾಗೆ. ಬೇಸಿಗೆಯಲ್ಲೂ ಇದು ಪೂರ್ತಿ ಕರಗುವುದಿಲ್ಲ ಎಂದು ಅಳಿಯ ಹೇಳಿದಾಗ ಇವರು ನಂಬಲಿಲ್ಲ. "ಜುಲೈಯಲ್ಲಿ ಫೋಟೋ ಕಳಿಸಿ, ನೋಡೋಣ" ಅಂದರು.

ಹಿಮದ ಮಾತಾಯಿತು. ನನಗೆ ನಿಜವಾದ ಭಯ ಇದ್ದದ್ದು ಐಸಿನದು. ಹಗಲು ಸ್ವಲ್ಪ ಕರಗಿ ರಾತ್ರಿ ಮತ್ತೆ ಗಟ್ಟಿಯಾಗುತ್ತದಲ್ಲ, ಅದು ಗಾಜಿನ ಹಾಗೆ. ಕೆಳಗಿನ ಡಾಂಬರಿನ ಬಣ್ಣವೇ ಕಾಣುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಒಮ್ಮೊಮ್ಮೆ ಆಕಾಶದಿಂದ ಮಳೆಯಾಗಿಯೇ ಬಿದ್ದು, ನೆಲ ಮುಟ್ಟಿದ ಕೂಡಲೇ ಹೆಪ್ಪುಗಟ್ಟುತ್ತದೆ. ಹಿಮಕ್ಕಿಂತ ಈ ಮಳೆಗೆ ಅಲ್ಲಿನವರು ಹೆಚ್ಚು ಹೆದರುತ್ತಾರೆ. 1998ರ ಜನವರಿಯಲ್ಲಿ ಐದಾರು ದಿನ ಇಂಥ ಮಳೆ ಸುರಿದು, ಮರ ಮುರಿದು, ವಿದ್ಯುತ್ ಗೋಪುರಗಳು ಐಸಿನ ಭಾರಕ್ಕೆ ಮಡಚಿ ಬಿದ್ದು, ಕ್ವಿಬೆಕ್ ಪ್ರಾಂತ್ಯದ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಆ ಚಳಿಯಲ್ಲಿ ಕರೆಂಟಿಲ್ಲದೆ ಕೂತರು. ಕೆಲವು ಕಡೆ ವಾರಗಟ್ಟಲೆ. ಕೆಳಗಿನ ಮನೆಯ ಅಜ್ಜಿ ಈಗಲೂ ಮೇಣದಬತ್ತಿಯ ಡಬ್ಬಿಯೊಂದನ್ನು ಅಡುಗೆಮನೆಯ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ.

ಆ ಅಜ್ಜಿ ಎಂಬತ್ತು ದಾಟಿದವರು. ಫ್ರೆಂಚ್ ಬಿಟ್ಟರೆ ಬೇರೆ ಮಾತು ಕಡಿಮೆ. ಆದರೂ ದಿನವೂ ಹತ್ತು ಗಂಟೆಗೆ ಕೈಯಲ್ಲೊಂದು ಚೀಲ ಹಿಡಿದು ಬ್ರೆಡ್ಡಿನ ಅಂಗಡಿಗೆ ಹೊರಡುತ್ತಾರೆ. ಬೂಟಿನ ತಳಕ್ಕೆ ಮುಳ್ಳಿನ ರಬ್ಬರ್ ಪಟ್ಟಿ. ನನ್ನನ್ನೂ ಒಂದು ದಿನ ಕೈಹಿಡಿದು ಕರೆದೊಯ್ದರು. ಉದ್ದ ಹೆಜ್ಜೆ ಬೇಡ, ಪಾದ ಪೂರ್ತಿ ಊರು, ಮಂಡಿ ಸ್ವಲ್ಪ ಬಗ್ಗಿರಲಿ ಎಂದು ನಡೆದು ತೋರಿಸಿದರು. ನನಗೆ ನಗು ಬಂತು. ಆಷಾಢದಲ್ಲಿ ಪಾಚಿ ಕಟ್ಟಿದ ನಮ್ಮೂರ ಅಂಗಳದಲ್ಲಿ, ಕೊಡಪಾನ ಹೊತ್ತು, ಹಾಸಿದ ಸೋಗೆಯ ಮೇಲೆ ಕಾಲಿಡುತ್ತ ನಾವು ನಡೆಯುತ್ತಿದ್ದದ್ದು ಹೀಗೇ ಅಲ್ಲವೆ? ಸೋಗೆಯ ಬದಲು ಇಲ್ಲಿ ಜಲ್ಲಿ.

ಅವರು ಹೋಗಲು ಆಗುತ್ತಿದ್ದದ್ದು ಫುಟ್‌ಪಾತು ಸ್ವಚ್ಛವಾಗಿದ್ದದ್ದರಿಂದ. ಅಮೆರಿಕದ ಎಷ್ಟೋ ಊರುಗಳಲ್ಲಿ ಮನೆ ಮುಂದಿನ ಫುಟ್‌ಪಾತಿನ ಹಿಮ ತೆಗೆಯುವುದು ಮನೆಯವರದೇ ಜವಾಬ್ದಾರಿ. ಮಾಂಟ್ರಿಯಲ್‌ನಲ್ಲಿ ಅದನ್ನೂ ನಗರವೇ ಮಾಡುತ್ತದೆ. ಅದಕ್ಕೆ ಬರುವ ಪುಟ್ಟ ಗಾಡಿಯನ್ನು 'ಶೆನಿಯೆಟ್' ಅನ್ನುತ್ತಾರೆ, ಪುಟ್ಟ ಕಂಬಳಿಹುಳು ಎಂದು ಅರ್ಥ. ಟ್ಯಾಂಕಿನ ಹಾಗೆ ಪಟ್ಟಿಯ ಮೇಲೆ ಓಡುವ ಗಾಡಿಗಳಿಗೆ ಬಂದ ಹೆಸರು, ಚಕ್ರದವಕ್ಕೂ ಅಂಟಿದೆ. ಫುಟ್‌ಪಾತಿನ ಮೇಲೆ ಅದು ಬರುವ ವೇಗ ನೋಡಿದರೆ ನಮ್ಮ ಆಟೋದವರು ನೆನಪಾಗುತ್ತಾರೆ. ಬದಿಗೆ ಸರಿದು ನಿಲ್ಲುವುದೇ ಕ್ಷೇಮ.

ಎಲ್ಲ ಚೆನ್ನವೇ ಎಂದು ಹೇಳಲಾರೆ. ದೊಡ್ಡ ಬಿರುಗಾಳಿ ಬಂದರೆ ಇಡೀ ಊರಿನ ಹಿಮ ಎತ್ತಲು ನಾಲ್ಕೈದು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಬಿದ್ದರೆ ಮೊದಲಿನಿಂದ ಶುರು. ತಳ್ಳುವ ಗಾಡಿ ಬಂದುಹೋದಾಗಲೆಲ್ಲ, ಆಗಷ್ಟೇ ಬೆವರು ಸುರಿಸಿ ಬಿಡಿಸಿಕೊಂಡ ಕಾರಿನ ಮುಂದೆ ಮೊಣಕಾಲೆತ್ತರದ ಗೋಡೆ ಎಬ್ಬಿಸಿ ಹೋಗುತ್ತದೆ. ಉಪ್ಪು ಕಾರಿನ ತಳವನ್ನೂ ಸೇತುವೆಯ ಕಬ್ಬಿಣವನ್ನೂ ತಿನ್ನುತ್ತದೆ, ರಸ್ತೆ ಬದಿಯ ಮರಗಳನ್ನು ಒಣಗಿಸುತ್ತದೆ. 2017ರ ಮಾರ್ಚಿನ ಒಂದು ಬಿರುಗಾಳಿಯಲ್ಲಿ 13ನೇ ಹೆದ್ದಾರಿಯಲ್ಲಿ ನೂರಾರು ವಾಹನಗಳು ರಾತ್ರಿಯಿಡೀ ಹಿಮದಲ್ಲಿ ಸಿಕ್ಕಿಬಿದ್ದು, ಸರಕಾರ ಕ್ಷಮೆ ಕೇಳಬೇಕಾಯಿತು. ಹಿಮ ತೆಗೆಯುವ ಗುತ್ತಿಗೆಗಳಲ್ಲಿ ಗುತ್ತಿಗೆದಾರರು ಒಳಗೊಳಗೇ ಹಂಚಿಕೊಳ್ಳುತ್ತಾರೆಂದು ನಗರದ ಇನ್‌ಸ್ಪೆಕ್ಟರ್ ಜನರಲ್ 2015ರಲ್ಲಿ ವರದಿ ಕೊಟ್ಟಿದ್ದೂ ಉಂಟು. ಮುಂಗಾರಿಗೆ ಮುನ್ನ ನಾಲೆಯ ಹೂಳೆತ್ತುವ ಸುದ್ದಿಗಳನ್ನು ವರ್ಷವರ್ಷವೂ ಓದುವ ನಮಗೆ ಅದರಲ್ಲಿ ಹೊಸತೇನೂ ಕಾಣಲಿಲ್ಲ.

ಇನ್ನು ಆ ರಾತ್ರಿಯ ಮಾತು. ಅದಕ್ಕೂ ಮೊದಲು ಇನ್ನೊಂದು ರಾತ್ರಿಯದನ್ನು ಹೇಳಬೇಕು.

2005ರ ಜುಲೈ 26. ಮುಂಬಯಿಯಲ್ಲಿದ್ದವರಿಗೆ ತಾರೀಕು ಹೇಳಿದರೆ ಸಾಕು. ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಆಗ ನಾವಿದ್ದದ್ದು ಕುರ್ಲಾದಲ್ಲಿ. ಹದಿಮೂರು ವರ್ಷದ ಮಗಳು ಸಾಯನ್ನಿನಿಂದ ಬಸ್ಸು ಹತ್ತಿದವಳು ಮನೆಗೆ ಬರಲಿಲ್ಲ. ಫೋನಿಲ್ಲ, ಕರೆಂಟಿಲ್ಲ, ಕೆಳಗಿನ ಮಹಡಿಯಲ್ಲಿ ಎದೆಮಟ್ಟ ನೀರು. ಇವರು ಡ್ಯೂಟಿಯಲ್ಲಿ, ಯಾವುದೋ ಪಂಪಿನ ಹತ್ತಿರ. ಇವರಿಗೆ ಮಗಳು ಬಂದಿಲ್ಲವೆಂಬುದೇ ಗೊತ್ತಿಲ್ಲ. ನಾನು ಇಡೀ ರಾತ್ರಿ ಮೆಟ್ಟಿಲ ಮೇಲೆ ಕೂತಿದ್ದೆ. ಮರುದಿನ ಹತ್ತು ಗಂಟೆಗೆ ಅವಳು ಯಾರದೋ ಕೈ ಹಿಡಿದು ಸೊಂಟಮಟ್ಟದ ನೀರಿನಲ್ಲಿ ನಡೆದು ಬಂದಳು. ರಾತ್ರಿಯೆಲ್ಲ ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ ಕೂತಿದ್ದಳಂತೆ. ಪಕ್ಕದ ಚಾಳಿನವರು ಬಿಸ್ಕೆಟ್ಟು, ಚಹಾ ಕೊಟ್ಟಿದ್ದರಂತೆ. ಇವರು ಮನೆಗೆ ಬಂದದ್ದು ಮೂರನೆಯ ದಿನ. ವಿಷಯ ತಿಳಿದಾಗ ಏನೂ ಮಾತಾಡದೆ ಮಲಗಿದ ಮಗಳ ಹತ್ತಿರ ಹೋಗಿ ಕೂತರು. ಆಮೇಲೂ ಆ ಬಗ್ಗೆ ಮಾತಾಡಲಿಲ್ಲ.

ಜನವರಿಯ ಮೂರನೆಯ ವಾರ, ಸಂಜೆಯಿಂದ ಸುರಿಯತೊಡಗಿದ ಹಿಮ ರಾತ್ರಿ ಎರಡಕ್ಕೂ ನಿಂತಿರಲಿಲ್ಲ. ಎರಡೂವರೆಗೆ ಮಗಳು ಬಾಗಿಲು ತಟ್ಟಿದಳು. "ಅಮ್ಮ, ನೋವು ಐದೈದು ನಿಮಿಷಕ್ಕೆ ಬರುತ್ತಾ ಇದೆ." ಆಸ್ಪತ್ರೆಯವರು ಫೋನಿನಲ್ಲಿ ಹೊರಟು ಬನ್ನಿ ಅಂದರು. ಕಿಟಕಿಯಿಂದ ನೋಡಿದರೆ ಕಾರುಗಳೆಲ್ಲ ಬಿಳಿ ದಿಬ್ಬ. ಯಾವುದು ನಮ್ಮದೆಂದೇ ತಿಳಿಯದು.

ಮಾವ, ಅಳಿಯ ಇಬ್ಬರೂ ಸಲಿಕೆ ಹಿಡಿದು ಇಳಿದರು. ಬೇಡವೆಂದರೂ ಇವರು ಕೇಳಲಿಲ್ಲ. ಕಾಲು ಗಂಟೆಯಲ್ಲಿ ಕಾರು ಬಿಡಿಸಿದರು. ನಾನು ಮಗಳ ಜೊತೆ ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿ ಡಿಸೆಂಬರ್ ಒಂದರಿಂದ ಮಾರ್ಚ್ ಹದಿನೈದರವರೆಗೆ ಚಳಿಗಾಲದ ಟೈರು ಕಡ್ಡಾಯ, ಅದರ ಬೆಲೆ ಆ ರಾತ್ರಿ ಗೊತ್ತಾಯಿತು. ನಮ್ಮದು ಗಲ್ಲಿ, ಸರದಿಯಲ್ಲಿ ಕೊನೆಯದು, ಯಾರೂ ತಳ್ಳಿರಲಿಲ್ಲ. ಆದರೂ ಕಾರು ಮೆಲ್ಲಗೆ ಸಾಗಿತು. ದೊಡ್ಡ ರಸ್ತೆ ಇನ್ನೇನು ಇಪ್ಪತ್ತು ಅಡಿ ಇದೆ ಅನ್ನುವಾಗ ನಿಂತಿತು. ದೊಡ್ಡ ರಸ್ತೆಯನ್ನು ತಳ್ಳಿದ ಗಾಡಿ ನಮ್ಮ ಗಲ್ಲಿಯ ಬಾಯಿಗೆ ಅಡ್ಡಲಾಗಿ ಹಿಮದ ಗೋಡೆ ಎಬ್ಬಿಸಿ ಹೋಗಿತ್ತು. ಚಕ್ರ ಗರಗರ ತಿರುಗಿತೇ ಹೊರತು ಕಾರು ಅಲುಗಲಿಲ್ಲ. ಮಗಳು ನನ್ನ ಕೈಯನ್ನು ಹಿಂಡುತ್ತಿದ್ದಳು. ನನಗೆ ಕುರ್ಲಾದ ಮೆಟ್ಟಿಲು ಕಣ್ಣಮುಂದೆ ಬಂತು.

ಇವರು ಸಲಿಕೆ ಹಿಡಿದು ಹಿಂದೆಯೇ ನಡೆದು ಬಂದಿದ್ದರು. ಕಾರು ದಾಟಿ ಮುಂದೆ ಹೋಗಿ ಗೋಡೆಯನ್ನು ಕಡಿಯತೊಡಗಿದರು. ಆಗ ಫುಟ್‌ಪಾತಿನ ಕಡೆಯಿಂದ ಹಳದಿ ದೀಪ ಮಿನುಗಿಸುತ್ತ ಆ ಕಂಬಳಿಹುಳು ಬಂತು. ಇವರು ಸಲಿಕೆ ಎತ್ತಿ ಅಡ್ಡ ನಿಂತರು. ಗಾಡಿ ನಿಂತಿತು, ಬಾಗಿಲು ತೆರೆಯಿತು. ಇವರಿಗೆ ಫ್ರೆಂಚ್ ಬಾರದು, ಆತನಿಗೆ ಇವರ ಇಂಗ್ಲಿಷು ಕೇಳಿಸಿತೋ ಇಲ್ಲವೋ. ಇವರು ಕಾರಿನ ಕಡೆ ಕೈ ತೋರಿಸಿ, ತಮ್ಮ ಹೊಟ್ಟೆಯ ಮುಂದೆ ಕೈಯಿಂದ ದೊಡ್ಡ ಸುತ್ತು ಬರೆದರು. ಆತ ಒಮ್ಮೆ ತಲೆಯಾಡಿಸಿ ಬಾಗಿಲು ಹಾಕಿಕೊಂಡ. ಗಾಡಿ ಹಿಂದೆ ಸರಿಯಿತು, ತಿರುಗಿತು, ಎರಡು ಸಲ ನುಗ್ಗಿ ಗೋಡೆಯನ್ನು ಬದಿಗೆ ಒತ್ತಿ ದಾರಿ ಮಾಡಿತು. ಕಾರು ದಾಟುವಾಗ ಕಿಟಕಿಯಿಂದ ಕೈಬೀಸಿ ಆತ ಏನೋ ಕೂಗಿದ. "ಧೈರ್ಯವಾಗಿರಿ ಅಂದರು" ಎಂದು ಅಳಿಯ ಹೇಳಿದರು.

ಹಿಂದಕ್ಕೆ ತಿರುಗಿ ನೋಡಿದೆ. ಬೀಳುವ ಹಿಮದಲ್ಲಿ ಇವರು ಸಲಿಕೆ ಊರಿಕೊಂಡು ನಿಂತಿದ್ದರು, ಪಕ್ಕದಲ್ಲಿ ಆ ಗಾಡಿ. ಅದರಾಚೆಗೆ ದೊಡ್ಡ ರಸ್ತೆ. ಹಿಮ ಸುರಿಯುತ್ತಲೇ ಇದ್ದರೂ ಅದರ ಡಾಂಬರು ಅಲ್ಲಲ್ಲಿ ಕಪ್ಪಗೆ ಕಾಣುತ್ತಿತ್ತು. ಆಸ್ಪತ್ರೆಯವರೆಗೂ ನಮಗೆ ಮತ್ತೆ ತಡೆಯಾಗಲಿಲ್ಲ. ದಾರಿಯಲ್ಲಿ ತಳ್ಳುವ ಗಾಡಿಗಳು ಮೂರು ಒಂದರ ಹಿಂದೊಂದು ಓರೆಯಾಗಿ ಸಾಗುತ್ತಿದ್ದವು. ನಾವು ಅವುಗಳ ಹಿಂದೆಯೇ ನಿಧಾನಕ್ಕೆ ಹೋದೆವು. ಮೊಮ್ಮಗಳು ಹುಟ್ಟಿದ್ದು ಬೆಳಿಗ್ಗೆ ಎಂಟೂಮುಕ್ಕಾಲಿಗೆ.

ಮಗುವಿನ ಹೆಸರಿಡುವ ದಿನ ಅಳಿಯಂದಿರ ಸ್ನೇಹಿತರೊಬ್ಬರು ಬಂದಿದ್ದರು, ಆ ಪ್ರಾಂತ್ಯದವರೇ. ಗಲ್ಲಿಯ ಬಾಯಲ್ಲಿ ನಡೆದದ್ದನ್ನು ಕೇಳಿ ಅವರೊಂದು ಕತೆ ಹೇಳಿದರು. ಅಲ್ಲಿ ಮಕ್ಕಳಿಗೂ ಗೊತ್ತಿರುವ ಕತೆಯಂತೆ. ವಾಲ್ಕೂರ್ ಎಂಬ ಹಳ್ಳಿಯಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಇದ್ದ. 1934ರ ಚಳಿಗಾಲದಲ್ಲಿ ಅವನ ಎರಡು ವರ್ಷದ ಮಗನಿಗೆ ಹೊಟ್ಟೆನೋವು ಬಂದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾಯಿತು. ಹಿಮದಲ್ಲಿ ರಸ್ತೆಗಳೆಲ್ಲ ಮುಚ್ಚಿದ್ದವು. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ಗಾಡಿ ಮಾಡಲು ಮೊದಲೇ ಹೆಣಗುತ್ತಿದ್ದ ಆತ ಅದರ ಬೆನ್ನು ಬಿಡಲಿಲ್ಲ. 1937ರಲ್ಲಿ ಪೇಟೆಂಟ್ ಸಿಕ್ಕಿತು. ಏಳು ಜನ ಕೂರುವ ಆ ಗಾಡಿಯನ್ನು ವೈದ್ಯರು, ಪಾದ್ರಿಗಳು, ಅಂಚೆಯವರು ಕೊಂಡರು. ಮುಂದೆ ಅದೇ ಕಂಪನಿ ಫುಟ್‌ಪಾತಿನ ಹಿಮ ತೆಗೆಯುವ ಪಟ್ಟಿಗಾಡಿಗಳನ್ನೂ ಮಾಡಿತು. ರೈಲು, ವಿಮಾನಗಳೆಲ್ಲ ಆಮೇಲೆ ಬಂದದ್ದು.

ಕತೆ ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಇವರು ತೊಟ್ಟಿಲ ಹತ್ತಿರ ಕೂತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಮಗಳಿಗೆ ಹೇಳಿದರು: "ಅವತ್ತು ರಾತ್ರಿ ನೀನು ಬಸ್ಸಿನಲ್ಲಿದ್ದೆ, ನಾನು ಪಂಪಿನ ಹತ್ತಿರ ಇದ್ದೆ. ನೀರು ಒಂದಿಂಚು ಇಳಿದರೂ ಯಾರೋ ಒಬ್ಬರು ಮನೆ ಮುಟ್ಟುತ್ತಾರೆ ಅಂತ ಅಂದುಕೊಳ್ಳುತ್ತಾ ಇದ್ದೆ. ಆ ಯಾರೋ ಒಬ್ಬರಲ್ಲಿ ನೀನೂ ಇದ್ದೀಯಾ ಅಂತ ಗೊತ್ತಿರಲಿಲ್ಲ." ಇಪ್ಪತ್ತು ವರ್ಷದಲ್ಲಿ ಇವರು ಅದರ ಬಗ್ಗೆ ಆಡಿದ ಮೊದಲ ಮಾತು. ಮಗಳು, "ಗೊತ್ತು ಅಪ್ಪ" ಅಂದಳು. ಅಷ್ಟೆ.

ಆಮೇಲೆ ಇವರಿಗೊಂದು ಅಭ್ಯಾಸವಾಯಿತು. ರಾತ್ರಿ ಕಂಬಳಿಹುಳುವಿನ ಹಳದಿ ದೀಪ ಕಿಟಕಿಯಲ್ಲಿ ಮಿನುಗಿದರೆ ಎದ್ದು ಹೋಗಿ ಕೈಯೆತ್ತುವುದು. ಒಳಗಿರುವವನು ಆ ರಾತ್ರಿಯವನೇ ಎಂದೇನಿಲ್ಲ, ಆತನಿಗೆ ಕಾಣುವುದೂ ಇಲ್ಲ. ಆದರೂ.

ಏಪ್ರಿಲ್ ಕೊನೆಗೆ ವಾಪಸಾದೆವು. ಬೀದಿಗಳಲ್ಲಿ ಹಿಮವಿರಲಿಲ್ಲ. ಚಳಿಗಾಲವೆಲ್ಲ ಎರಚಿದ ಜಲ್ಲಿಯನ್ನು ಗುಡಿಸುವ ಗಾಡಿಗಳು ಓಡಾಡುತ್ತಿದ್ದವು. ಇಲ್ಲಿಗೆ ಬಂದಾಗ ಡೊಂಬಿವಲಿಯಲ್ಲಿ ನಾಲೆಯ ಹೂಳು ತೆಗೆದು ರಸ್ತೆ ಬದಿಗೇ ಹಾಕಿದ್ದರು. ಇವರು ಅದನ್ನು ನೋಡಿ, "ಎತ್ತಿದರೆ ಸಾಲದು, ಸಾಗಿಸಬೇಕು" ಅಂದು, ವಾರ್ಡ್ ಆಫೀಸಿಗೆ ಒಂದು ಅರ್ಜಿ ಬರೆದುಕೊಟ್ಟು ಬಂದರು. ಎರಡು ಸಲ ಹೋಗಿ ನೆನಪಿಸಿದ್ದೂ ಆಯಿತು. ಮೂರನೆಯ ಸಲಕ್ಕೆ ಲಾರಿ ಬಂತು.

ಜುಲೈ ಎರಡನೆಯ ವಾರ, ಹೊರಗೆ ಧೋ ಎಂದು ಮಳೆ. ಮಗಳಿಂದ ಫೋಟೋ ಬಂತು. ಹಿಂದೆ ಹಸಿರು ಮರಗಳು, ತೋಳಿಲ್ಲದ ಅಂಗಿ ತೊಟ್ಟ ಮೊಮ್ಮಗಳು ಅಳಿಯನ ಹೆಗಲ ಮೇಲೆ. ಬೇಲಿಯ ಆಚೆ, ಆಳದ ಗುಂಡಿಯಲ್ಲಿ, ಮಣ್ಣು ಮೆತ್ತಿದ ಬೂದು ಗುಡ್ಡ ಇನ್ನೂ ಇತ್ತು. ಇವರು ಕನ್ನಡಕ ಸರಿಮಾಡಿಕೊಂಡು ಬೆರಳಿನಿಂದ ಫೋಟೋ ಹಿಗ್ಗಿಸಿ ನೋಡಿದರು. "ಕರಗಿಲ್ಲ" ಅಂದರು. ಆಮೇಲೆ ಡೈರಿ ತೆಗೆದು, ತಾರೀಕು ಹಾಕಿ, ಬರೆದುಕೊಂಡರು.